ಇಂದ್ರಾಣಿಯ ರೋಬೋ

ಬಿಡಿಭಾಗಗಳು ಅಂಟಿಕೊಂಡು ಬಂದಿದ್ದ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಇನ್ನು ಉಳಿದಿದ್ದು ರೋಬೋನ ಕೆಂಪು ಕೊಂಬೊಂದೇ. ಇಂದ್ರಾಣಿ ಕತ್ತರಿ ಎತ್ತಿಕೊಂಡಳು. ಐವತ್ತನೇ ವಯಸ್ಸಿನಲ್ಲಿ, ಫೋನಿನಲ್ಲಿ ನೂರೆಂಟು ನೋಡಿ, ತಾನೇ ಆರಿಸಿ ತರಿಸಿಕೊಂಡ, ಬಿಡಿಭಾಗ ಜೋಡಿಸಿ ಗೊಂಬೆ ಮಾಡುವ ಮೊದಲ ಕಿಟ್ಟು ಅದು.

“ಬುಡಕ್ಕೇ ಕತ್ತರ್ಸಮ್ಮ,” ಅಂದಳು ಮಗಳು ಬನಶ್ರೀ.

“ಬುಡಕ್ಕೇ ಕತ್ತರಿ ಹಾಕಿದ್ರೆ ಕೊಂಬಿಗೆ ಗಾಯ ಆಯ್ತದೆ ಕಣೆ. ಮಗ್ಗದಿಂದ ಸೀರೆ ಇಳಿಸೋವಾಗ ನಾನು ಹಂಗೆ ಕೊಯ್ತೀನಾ?”

ಒಂದಿಷ್ಟು ಬಿಟ್ಟು ಕತ್ತರಿಸಿದಳು. ಉಳಿದ ಮೊನೆಯನ್ನು ಆಮೇಲೆ ಸವರಿ, ಅರದಿಂದ ನಯವಾಗಿ ಉಜ್ಜಿ, ಕೊಂಬನ್ನು ರೋಬೋನ ಹಣೆಗೆ ಒತ್ತಿದಳು. ಟಕ್ ಎಂದು ಕೂತಿತು. ಗೇಣುದ್ದದ ರೋಬೋ ಎದೆ ಸೆಟೆದು ನಿಂತಿತು. ಬನಶ್ರೀ ಚಪ್ಪಾಳೆ ತಟ್ಟಿದಳು.

ಇಂದ್ರಾಣಿ ಹಳೇ ಪಂಚೆಯ ತುಂಡು ಹಾಸಿ, ರೋಬೋವನ್ನು ಅದರ ಮೇಲೆ ಮಲಗಿಸಿ, ಅಂಚುಗಳನ್ನು ಮಡಿಚತೊಡಗಿದಳು. ನೇಯ್ದು ಮುಗಿಸಿದ ಪ್ರತಿ ಸೀರೆಯನ್ನೂ ಹೀಗೆಯೇ ಸುತ್ತಿ, ಹಿಂದೂಪುರದ ಸಾಹುಕಾರರಿಗೆ ಒಪ್ಪಿಸಿ ಬರುವುದು ಅವಳ ಮೂವತ್ತು ವರ್ಷದ ರೂಢಿ.

“ಯಾರಿಗಮ್ಮ ಅದನ್ನ ಕಟ್ತಾ ಇದೀಯ?”

ಕೈ ನಿಂತಿತು. ಇಂದ್ರಾಣಿ ಬಟ್ಟೆ ಬಿಚ್ಚಿ, ರೋಬೋವನ್ನು ಎತ್ತಿ, ಮಗ್ಗದ ಅಡ್ಡಪಟ್ಟಿಯ ಮೇಲೆ ತನ್ನ ಕಣ್ಣಿಗೆ ನೇರವಾಗಿ ನಿಲ್ಲಿಸಿದಳು.

“ಯಾರಿಗೂ ಇಲ್ಲ ಕಣೆ,” ಅಂದಳು. “ಇದು ನಂದು.”