ಮಾಳಪ್ಪನ ನೌಕರಿ

ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಮಾಳಪ್ಪ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಎರಡು ಸಲ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಕುಳಿತಿದ್ದ.

"ನಾ ಪುರಸಭೆ ಆಫೀಸಿನ್ಯಾಗ ಅದೀನ್ರಿ. ಫೈಲ್ ನೋಡ್ಕೊಳ್ಳೋ ಕೆಲಸ," ಎಂದ. ಚಹಾ ತಂದ ಹೆಂಡತಿ ತಲೆ ತಗ್ಗಿಸಿದಳು.

ಹುಡುಗನ ತಂದೆ ಹುಲಿಗೆಪ್ಪ ಕಪ್ಪು ಕೆಳಗಿಟ್ಟ.

"ನಾ ಏನೂ ಮುಚ್ಚಿಡೂದಿಲ್ರಿ. ಪಾಯಖಾನಿ ಗುಂಡಿ ಖಾಲಿ ಮಾಡೋ ಟ್ಯಾಂಕರ್ ಓಡಿಸ್ತೀನಿ. ಮಗ ಸಾಲಿ ಮಾಸ್ತರ ಆಗ್ಯಾನ."

ಮಾಳಪ್ಪನಿಗೆ ನಿಜ ಬಾಯಿತನಕ ಬಂತು. ಆದರೆ ಈಗಷ್ಟೇ ಹೇಳಿದ ಸುಳ್ಳನ್ನು ಎಲ್ಲರೆದುರು ಒಪ್ಪಿಕೊಳ್ಳಲು ನಾಚಿಕೆಯಾಯಿತು.

"ಅಂಥಾ ಹೊಲಸು ಕೆಲಸದವ್ರ ಮನಿಗೆ ಹೆಣ್ಣು ಕೊಡಾಕ ಆಗೂದಿಲ್ರಿ," ಎಂದುಬಿಟ್ಟ. ಆಡಿದ ಮೇಲೆ ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಹುಲಿಗೆಪ್ಪ ಎದ್ದು ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ವಾರಕ್ಕ ಮೂರು ಸಲ ನಿಮ್ಮ ಘಟಕಕ್ಕ ಟ್ಯಾಂಕರ್ ತರ್ತೀನ್ರಿ. ಮುಖಕ್ಕ ಟವೆಲ್ ಸುತ್ತಿರ್ತೀನಲ್ಲ, ನಿಮಗ ಗುರ್ತು ಸಿಕ್ಕಿಲ್ಲ. ಅಲ್ಲಿ ನೀವು ದುಡಿಯೋದು ನೋಡೇ ನಿಮ್ಮ ಮಗಳನ್ನ ಕೇಳಾಕ ಬಂದಿದ್ದೆ."