ಒಟೊರಿನೊಗೆ ಚಪ್ಪಾಳೆ

ಒಟೊರಿನೊನ ಶವಪೆಟ್ಟಿಗೆ ಇಗರ್ಜಿಯ ಬಾಗಿಲು ದಾಟಿ ಹೊರಬಂತು. ಸತ್ತವರನ್ನು ಚಪ್ಪಾಳೆ ತಟ್ಟಿ ಕಳಿಸುವ ನಾಡು ಅದು. ಇವತ್ತು ಮಾತ್ರ ಊರಿನ ಎಲ್ಲರ ಕೈಯೂ ಜೇಬಿನಲ್ಲೇ ಇತ್ತು.

"ಅತ್ತಿಗೆ, ನೀವಾದ್ರೂ ತಟ್ಟಿ. ಅಣ್ಣನ ಮರ್ಯಾದೆ ಹೋಗ್ತಿದೆ," ಎಂದು ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಫುಲ್ವಿಯೊ ಪಿಸುಗುಟ್ಟಿದ. ಸತ್ತವನ ಹೆಂಡತಿ ಎರ್ಸಿಲಿಯಾ ಕಪ್ಪು ಕೈಗವಸಿನ ಕೈಗಳನ್ನು ಎದೆಗೆ ಕಟ್ಟಿಕೊಂಡೇ ನಡೆದಳು.

ಅಷ್ಟರಲ್ಲಿ, ಹಳೆಯ ಕೋಟೆಗೋಡೆ ನೋಡಲು ಮಿಲಾನಿನಿಂದ ಬಂದಿದ್ದ ಗುಂಪೊಂದು ಪೆಟ್ಟಿಗೆಯನ್ನು ಕಂಡು, ರೂಢಿಯಂತೆ ಜೋರಾಗಿ ಚಪ್ಪಾಳೆ ತಟ್ಟಿತು. ಫುಲ್ವಿಯೊನ ಮುಖ ಅರಳಿತು. "ನೋಡಿ, ಹೊರಗಿನೋರಿಗಿರೋ ಬುದ್ಧಿ ನಮ್ಮೂರೋರಿಗಿಲ್ಲ!"

ಎರ್ಸಿಲಿಯಾ ನೇರ ಆ ಗುಂಪಿನ ಮುಂದೆ ಹೋಗಿ ನಿಂತು, ಬಲಗೈಯ ಗವಸನ್ನು ಕಳಚಿದಳು. ಬೆರಳುಗಳು ನಾಲ್ಕೂ ಸೊಟ್ಟಗೆ ಮುರುಟಿದ್ದವು.

"ಬಾಗಿಲ ಸಂದಿಗಿಟ್ಟು ಜಜ್ಜಿದೋನು ಆ ಪೆಟ್ಟಿಗೇಲಿದಾನೆ," ಎಂದಳು. "ಈಗ ತಟ್ಟಿ, ನೋಡೋಣ."