ಹಸಿರು ಬಾಗಿಲಿನ ಮನೆಯ ಸಂಬಂಧ

ಕಮಲಾಪುರದ ಬಸ್‌ಸ್ಟ್ಯಾಂಡ್ ದಾಟುವಾಗ ಗಾಡಿಯ ಬ್ಯಾಟರಿ ಶೇಕಡಾ ನಲವತ್ತಕ್ಕೆ ಇಳಿದಿತ್ತು. ಉಮ್ಮೆ ಹಾನಿ ಅದೇ ಓಣಿಯಲ್ಲಿ ಮೂರನೆಯ ಸಲ ಗಾಡಿ ತಿರುಗಿಸಿದಳು. ಕರೆಂಟ್ ಗಾಡಿಗೆ ಸದ್ದಿಲ್ಲ. ಆದರೂ ಕಟ್ಟೆಯ ಮೇಲಿದ್ದವರೆಲ್ಲ ಕತ್ತು ಹೊರಳಿಸಿ ನೋಡಿದರು.

ಗೆಳತಿಯ ಹೊಸ ಗಾಡಿಯಲ್ಲಿ ಸುತ್ತಲಿನ ಊರು ನೋಡಿಬರುತ್ತೇನೆ ಎಂದು ಗಾಜಿಪುರದ ಮನೆಯಲ್ಲಿ ಹೇಳಿ ಹೊರಟಿದ್ದಳು. ಸುಳ್ಳೇನಲ್ಲ. ಮಹಾಗಾಂವ ಕ್ರಾಸಿನಲ್ಲಿ ಚಹಾ ಕುಡಿದಳು, ಕೆಂಪು ಮಣ್ಣಿನ ದಿಬ್ಬ ಹತ್ತಿಳಿದಳು, ಬಾಳೆತೋಟದ ಬದುವಿನಲ್ಲಿ ನಿಂತಳು. ಒಂದೂ ಮನಸ್ಸಿಗೆ ಹತ್ತಲಿಲ್ಲ. ಗುಲ್ಶನ್ ಖಾಲಾ ತಂದ ಸಂಬಂಧಕ್ಕೆ ಇವತ್ತು ಇಳಿಹೊತ್ತಿನ ಅಸರ್ ನಮಾಜಿನೊಳಗೆ ಉತ್ತರ ಕೊಡಬೇಕಿತ್ತು. "ನೀ ಹೂಂ ಅಂದ್ರಷ್ಟೇ ಹೂಂ" ಎಂದು ಅಮ್ಮಿ ಎಲ್ಲ ಭಾರ ಇವಳ ತಲೆಗೇ ಕಟ್ಟಿದ್ದಳು. ಹೂಂ ಎಂದರೆ ಆ ಮನೆಯಲ್ಲಿ ಇನ್ನು ಉಳಿಯುವುದು ಒಂದೇ ಜೀವ.

ಮಾತು ಕೊಡುವ ಮೊದಲು ಗಂಡಿನ ಓಣಿಯಲ್ಲಿ ಯಾರಾದರೂ ಗುಟ್ಟಾಗಿ ವಿಚಾರಿಸಿ ಬರುವುದು ರೂಢಿ. ಅಬ್ಬಾ ತೀರಿದ ಮೇಲೆ ಕಳಿಸಲು ಮನೆಯಲ್ಲಿ ಗಂಡಸರಿಲ್ಲ. ಇವಳೇ ಬಂದಳು.

ಮಾಳಮ್ಮನ ಕಿರಾಣಿ ಅಂಗಡಿಯಲ್ಲಿ ಬಿಸ್ಕೀಟು ಕೊಂಡು, ಎದುರಿನ ಹಸಿರು ಬಾಗಿಲಿನ ಮನೆ ಯಾರದೆಂದು ಕೇಳಿದಳು.

"ಬಾಳೆಹಣ್ಣಿನ ನಬಿಸಾಬಂದು. ಯಾಕವ್ವ, ಅವನ ಮಗ ಉಜೈರ್‌ನ್ನ ನೋಡಾಕ ಬಂದೀಯೇನು?" ಮಾಳಮ್ಮ ಕಣ್ಣು ಕಿರಿದು ಮಾಡಿದಳು. "ನಾ ಲಗ್ನದ ದಿನಾನೂ ಗಂಡನ ಮಾರಿ ಕಂಡಾಕಿ ಅಲ್ಲ. ಈಗಿನವ್ರು ಗಾಡಿ ಹೊಡ್ಕೊಂಡು ಬರ್ತೀರಿ!"

ಉಮ್ಮೆ ಹಾನಿಯ ಕಿವಿ ಬಿಸಿಯಾಯಿತು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. "ಮನ್ಯಾಗ ಯಾರ್ ಯಾರ್ ಅದಾರ್ರಿ?"

"ಅಪ್ಪ, ಮಗ, ಇಬ್ಬರ. ಹುಡುಗನ ತಾಯಿ ತೀರಿ ಆರು ವರ್ಷ ಆತು. ಹುಡುಗ ಬಂಗಾರದಂಥಾವ. ನಂದೂರದಾಗ ದಾಲ್ ಮಿಲ್ಲಿಗೆ..."

"ಅಪ್ಪ ಹೆಂಗ್ರಿ?"

"ಅಪ್ಪ?"

"ಸಿಟ್ಟು ಗಿಟ್ಟು? ಕುಡಿಯೂದು? ಹೆಣ್ಣಮಕ್ಕಳ ಮ್ಯಾಲ ಒದರೂದು?"

ಮಾಳಮ್ಮ ಹೊಟ್ಟೆ ಹಿಡಿದು ನಕ್ಕಳು. "ಶಾಣ್ಯಾಕಿ ಅದಿ ಬಿಡು! ಹುಡುಗನ ಬಿಟ್ಟು ಮಾವನ್ನ ಕೇಳಾಕತ್ತಿ. ಹೆಂಡ್ತಿ ಹಾಸಿಗಿ ಹಿಡದಾಗ ಎರಡು ವರ್ಷ ತಾನ ರೊಟ್ಟಿ ಬಡದು ಉಣಿಸ್ಯಾನ ತಾಯಿ."

ಮಂದಿ ಹೊಗಳುವುದಕ್ಕೇನು. ಅವಳ ಜೀವಕ್ಕೆ ಸಮಾಧಾನವಾಗಲಿಲ್ಲ. ಬ್ಯಾಟರಿ ಮೂವತ್ತು, ಅಷ್ಟು ಚಾರ್ಜಿನಲ್ಲಿ ಗಾಜಿಪುರ ಮುಟ್ಟುವುದಿಲ್ಲ. ರಸ್ತೆ ಬದಿಯ ಬಾಳೆಹಣ್ಣಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಳು.

"ಚಾಚಾ, ಜರಾ ಚಾರ್ಜಿಗೆ ಹಚ್ಚಲೇನ್ರಿ?"

"ಹಚ್ಚು ಬೇಟಿ." ನಬಿಸಾಬರು ಇದ್ದೊಂದು ಪ್ಲಗ್ಗಿನಿಂದ ತಮ್ಮ ಟೇಬಲ್ ಫ್ಯಾನಿನ ವಯರು ಕಿತ್ತರು. ಸ್ಟೂಲನ್ನು ನೆರಳಿಗೆ ಎಳೆದುಕೊಟ್ಟು, ಎರಡು ಕೆಂಪು ಬಾಳೆಹಣ್ಣು ಕೈಗಿಟ್ಟು, ತಾವು ಬಿಸಿಲ ಕಡೆ ಕುಳಿತು ಪೇಪರಿನಿಂದ ಗಾಳಿ ಬೀಸಿಕೊಂಡರು. ಯಾರ ಮಗಳು, ಎಲ್ಲಿಯವಳು, ಏನೂ ಕೇಳಲಿಲ್ಲ.

ಲಾರಿಯಿಂದ ಗೊನೆ ಇಳಿಸುತ್ತಿದ್ದ ಹಮಾಲಿ ಖಂಡೆಪ್ಪನ ಕೈ ಜಾರಿತು. ದೊಡ್ಡ ಗೊನೆ ನೆಲಕ್ಕಪ್ಪಳಿಸಿ ಹಣ್ಣು ಸಿಡಿಯಿತು. ಉಮ್ಮೆ ಹಾನಿ ಉಸಿರು ಬಿಗಿಹಿಡಿದಳು. ಈಗ ಬರುತ್ತದೆ ಬೈಗುಳ. ಈಗ ಗೊತ್ತಾಗುತ್ತದೆ.

ನಬಿಸಾಬರು ಎದ್ದು ಓಡಿದರು. "ಕಾಲ ಮ್ಯಾಲ ಬಿತ್ತೇನೋ ಖಂಡ್ಯಾ? ತೋರ್ಸು ಇಲ್ಲಿ."

"ಇಲ್ಲ ಮಾಲಕ್, ಬರೇ ಹಣ್ಣು ಹೋದ್ವು."

"ಹೋಗ್ಲಿ ಬಿಡು. ಇವತ್ತ ದನಗಳಿಗಿ ಹಬ್ಬ."

ದೂರದ ಮಸೀದಿಯಿಂದ ಅಸರ್ ಬಾಂಗು ಕೇಳಿತು. ಅವಳ ಫೋನು ಗುನುಗಿತು. ಅಮ್ಮಿ. ಅವಳು ಹಾಗೇ ನೋಡುತ್ತ ಕುಳಿತಳು.

"ಎತ್ತು ಬೇಟಿ," ಎಂದರು ನಬಿಸಾಬರು. "ಮನ್ಯಾಗ ಕಾಳಜಿ ಮಾಡಾಕತ್ತಿರ್ತಾರ."

ಅವಳು ಎತ್ತಿದಳು. ಎದುರಿನವರಿಗೆ ಕೇಳಿಸಿದರೆ ಕೇಳಿಸಲಿ ಎಂದು ದನಿ ಏರಿಸಿಯೇ ಹೇಳಿದಳು:

"ಹೂಂ ಅನ್ನು ಅಮ್ಮಿ. ನಬಿಸಾಬರ ಜೋಡಿ ನಿನ್ನ ನಿಕಾಹ್ ಆಗೂ ದಿನ, ನಿನ್ನ ಕೈಗೆ ಮೆಹಂದಿ ನಾನೇ ಹಚ್ಚತೀನಿ."